‘ಕಟ್’ ಜಾಸ್ತಿ ಮಾಡಲು ಹೋದರೆ ಆಕ್ಸಲ್ಲೇ ಕಟ್!
ಮಲೆನಾಡಿನ ಹಳೇ ಜೀಪುಗಳಲ್ಲಿ ಮಾಯವಾಗುತ್ತಿರುವ ಒಂದು ಬೋಲ್ಟಿನ ವಿಚಾರ

ಮಲೆನಾಡಿನಲ್ಲಿ ಜೀಪು ಅಂದರೆ ಬರೀ ವಾಹನವಲ್ಲ. ಬಸ್ಸು ಬಾರದ ಊರಿಗೆ ಅದೇ ಬಸ್ಸು, ಆಂಬುಲೆನ್ಸ್ ಹತ್ತದ ದಾರಿಗೆ ಅದೇ ಆಂಬುಲೆನ್ಸು. ತೋಟದ ಗೊಬ್ಬರ, ಗದ್ದೆಯ ಭತ್ತ, ಮದುವೆ ದಿಬ್ಬಣ, ಬಾಣಂತಿ, ಹೆಣ ಎಲ್ಲವನ್ನೂ ಹೊತ್ತು ತಿರುಗಿದ್ದು ಈ ಜೀಪೇ. ಕೊಡಚಾದ್ರಿಗೆ ಹತ್ತುವ ಪ್ರವಾಸಿಗರಿಗೂ, ಮಡಿಕೇರಿ ಪಕ್ಕದ ಮಾಂದಲಪಟ್ಟಿ ನೋಡಬೇಕೆಂದು ಬರುವ ಬೆಂಗಳೂರಿನವರಿಗೂ ಇಂದಿಗೂ ಅದೇ ಗತಿ. ಹೊಸ ಹೊಸ ಕಾರುಗಳು ಎಷ್ಟೇ ಬಂದರೂ ಕಲ್ಲು-ಕೊರಕಲು ಶುರುವಾಗುವ ಜಾಗದಲ್ಲಿ ಅವು ನಿಂತುಬಿಡುತ್ತವೆ. ಅಲ್ಲಿಂದ ಮುಂದಕ್ಕೆ ಹಳೇ ಜೀಪಿನದೇ ರಾಜ್ಯಭಾರ.

ಇಂಥ ಜೀಪಿನ ಮುಂದಿನ ಆಕ್ಸಲ್ಲಿನ ಎರಡು ತುದಿಯಲ್ಲಿ ಒಂದೊಂದು ಬೋಲ್ಟು ಇರುತ್ತದೆ. ಹೆಬ್ಬೆರಳಿನ ಗಾತ್ರದ್ದು. ಹಿಂದೆ ಒಂದು ಚೆಕ್ ನಟ್. ಗ್ಯಾರೇಜಿನವರು ಇದನ್ನು ಸ್ಟಾಪರ್ ಬೋಲ್ಟ್ ಅನ್ನುತ್ತಾರೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಚಕ್ರ ಇನ್ನೂ ಮುಂದಕ್ಕೆ ಹೋಗದ ಹಾಗೆ ‘ಸಾಕು, ನಿಲ್ಲು’ ಎಂದು ತಡೆಯುವುದು ಇದರ ಕೆಲಸ. ಇದು ಎಂಜಿನ್ ಓಡಿಸುವುದಿಲ್ಲ, ಬ್ರೇಕ್ ಹಿಡಿಯುವುದಿಲ್ಲ, ದೀಪ ಉರಿಸುವುದಿಲ್ಲ. ಹಾಗಾಗಿ ಇದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ, ಬಿದ್ದುಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮಳೆಗಾಲದಲ್ಲಿ, ಅದೂ ಏರುದಾರಿಯ ತಿರುವಿನ ನಡುಮಧ್ಯೆ.

ಬಿದ್ದದ್ದಲ್ಲ, ಬಿಚ್ಚಿದ್ದು!

ಬೋಲ್ಟು ತಾನಾಗಿ ಸಡಿಲವಾಗಿ ಬಿದ್ದುಹೋದ ಜೀಪುಗಳಿವೆ. ಆದರೆ ಬೇಕೆಂದೇ ಬಿಚ್ಚಿಸಿಕೊಂಡ ಜೀಪುಗಳೂ ಕಡಿಮೆಯಿಲ್ಲ. ತೋಟದ ದಾರಿ ಇಕ್ಕಟ್ಟು. ತಿರುವಿನಲ್ಲಿ ಒಂದೇ ಏಟಿಗೆ ಗಾಡಿ ತಿರುಗುವುದಿಲ್ಲ. ಒಮ್ಮೆ ಹಿಂದಕ್ಕೆ ತೆಗೆದು ಮತ್ತೆ ಮುಂದಕ್ಕೆ ಹೋಗಬೇಕು. ದಿನಕ್ಕೆ ನಾಲ್ಕು ಟ್ರಿಪ್ಪು ಹೊಡೆಯುವವನಿಗೆ ಇದು ತಲೆನೋವು. ಆಗ ಗ್ಯಾರೇಜಿನಲ್ಲಿ ನಡೆಯುವ ಮಾತುಕತೆ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ ಥರ.

‘ಮೇಸ್ತ್ರೀ, ಕಟ್ ಸಾಲ್ತಾ ಇಲ್ಲ ಮಾರಾಯ್ರೆ. ಎಂತಾದ್ರೂ ಮಾಡಿ.’

‘ಬೋಲ್ಟು ಒಳಗೆ ಕೂರ್ಸಿದ್ರೆ ಆಯ್ತು. ಐದು ನಿಮಿಷದ ಕೆಲ್ಸ.’

ಐದು ನಿಮಿಷದ ಕೆಲಸ ಮುಗಿಯುತ್ತದೆ. ಜೀಪು ಮೊದಲಿಗಿಂತ ಚೂರು ಜಾಸ್ತಿ ತಿರುಗುತ್ತದೆ. ಚಾಲಕನಿಗೆ ಖುಷಿ, ಮೇಸ್ತ್ರಿಗೂ ಖುಷಿ. ಒಳಗೆ ಕುಳಿತ ಆಕ್ಸಲ್ಲಿನ ಪಾಡು ಮಾತ್ರ ಯಾರೂ ಕೇಳುವುದಿಲ್ಲ.

ನಿಜಕ್ಕೂ ಇದರಿಂದ ಸಿಗುವ ಲಾಭ ಎಷ್ಟು? ಲೆಕ್ಕ ಹಾಕಿ ನೋಡಿದರೆ ನಗು ಬರುತ್ತದೆ. ಹಳೇ ಸಿ.ಜೆ. 3ಬಿ ಜೀಪಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 80 ಇಂಚು. ಚಕ್ರ 25 ಡಿಗ್ರಿ ತಿರುಗುವ ಕಡೆ 26 ಡಿಗ್ರಿ ತಿರುಗಿತು ಎಂದಿಟ್ಟುಕೊಳ್ಳಿ. ಗಾಡಿ ಸುತ್ತುವ ವೃತ್ತದ ತ್ರಿಜ್ಯ ಕಡಿಮೆಯಾಗುವುದು ಸುಮಾರು 17 ಸೆಂಟಿಮೀಟರ್. ಅಂದರೆ ಒಂದು ಗೇಣೂ ಇಲ್ಲ. ಮೂರು ಡಿಗ್ರಿ ಹೆಚ್ಚು ಮಾಡಿಸಿಕೊಂಡರೂ ಅರ್ಧ ಮೀಟರಿನ ಒಳಗೇ. ಒಂದು ಸಲ ರಿವರ್ಸ್ ಹಾಕಿ ತೆಗೆದರೆ ಮುಗಿದುಹೋಗುವ ಕೆಲಸಕ್ಕೆ ಆಕ್ಸಲ್ಲಿನ ಪ್ರಾಣವನ್ನೇ ಒತ್ತೆ ಇಟ್ಟಂತಾಯಿತು.

ಒಳಗೆ ಏನಿದೆ?

ಜೀಪಿನ ಹಿಂದಿನ ಆಕ್ಸಲ್ಲಿಗೆ ಒಂದೇ ಕೆಲಸ. ಚಕ್ರವನ್ನು ಉರುಳಿಸಿದರೆ ಆಯಿತು. ಮುಂದಿನದಕ್ಕೆ ಎರಡು ಕೆಲಸ. ಚಕ್ರವನ್ನು ಉರುಳಿಸಬೇಕು, ಜೊತೆಗೆ ಎಡಕ್ಕೂ ಬಲಕ್ಕೂ ತಿರುಗಲು ಬಿಡಬೇಕು. ಆದ್ದರಿಂದ ಮುಂದಿನ ಆಕ್ಸಲ್ ಶಾಫ್ಟು ಒಂದೇ ಉದ್ದನೆಯ ಸರಳಲ್ಲ. ಚಕ್ರದ ಹತ್ತಿರ ಅದನ್ನು ಎರಡು ತುಂಡು ಮಾಡಿ ನಡುವೆ ಒಂದು ಕೀಲು ಕೂರಿಸಿರುತ್ತಾರೆ. ಬಹಳಷ್ಟು ಜೀಪುಗಳಲ್ಲಿ ಇದು ಶಿಲುಬೆಯಾಕಾರದ ‘ಕ್ರಾಸ್’ ಇರುವ ಕೀಲು. ಕೆಲವು ಹಳೆಯವುಗಳಲ್ಲಿ ಉಕ್ಕಿನ ಗುಂಡುಗಳಿರುವ ಕೀಲೂ ಉಂಟು. ಇದೆಲ್ಲ ಚಕ್ರದ ಹಿಂದೆ ಕಾಣುವ ಆ ದುಂಡನೆಯ ಚೆಂಡಿನಂಥ ಹೌಸಿಂಗಿನ ಒಳಗೆ ಗ್ರೀಸಿನಲ್ಲಿ ಮುಳುಗಿ ಕೂತಿರುತ್ತದೆ. ಹೊರಗಿನಿಂದ ಕಾಣುವುದೇ ಇಲ್ಲ.

ಮನುಷ್ಯನ ಮೊಣಕೈ ಹೇಗೋ ಈ ಕೀಲೂ ಹಾಗೆ. ಒಂದು ಮಟ್ಟದವರೆಗೆ ಸುಖವಾಗಿ ಬಾಗುತ್ತದೆ. ಅದಕ್ಕೂ ಮೀರಿ ಬಗ್ಗಿಸಿದರೆ ಮುರಿಯುತ್ತದೆ. ಕ್ರಾಸ್ ಹಿಡಿದುಕೊಂಡಿರುವ ಎರಡು ಕಡೆಯ ಕವಲುಗಳು ಹೆಚ್ಚಿನ ಕೋನದಲ್ಲಿ ಒಂದಕ್ಕೊಂದು ತಾಗಲು ಶುರುಮಾಡುತ್ತವೆ. ತಾಗಿದ ಮೇಲೆ ಎಂಜಿನ್ನಿನ ಎಳೆತವೆಲ್ಲ ಸನ್ನೆಗೋಲಿನಂತೆ ಕೆಲಸ ಮಾಡಿ ಕವಲನ್ನು ಸೀಳುತ್ತದೆ, ಇಲ್ಲವೇ ಕ್ರಾಸನ್ನು ಮುರಿಯುತ್ತದೆ.

ಇನ್ನೊಂದು ಸಂಗತಿಯೂ ಇದೆ. ಕ್ರಾಸ್ ಕೀಲು ಬಾಗಿದ ಸ್ಥಿತಿಯಲ್ಲಿ ಸುತ್ತುವಾಗ ಒಂದೇ ಸಮನೆ ಸುತ್ತುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ಚಕ್ರವನ್ನು ತಿರುಗಿಸುತ್ತದೆ. ಕೋನ 25 ಡಿಗ್ರಿ ಇದ್ದರೆ ಈ ಏರಿಳಿತ ಎರಡೂ ಕಡೆಗೆ ಶೇಕಡ 10ರ ಆಸುಪಾಸು. 35 ಡಿಗ್ರಿ ಆಯಿತೋ, ಜೋರಾಗುವುದು ಶೇಕಡ 22, ನಿಧಾನವಾಗುವುದು ಶೇಕಡ 18. ಕಟ್ ಪೂರ್ತಿ ಹೊಡೆದು ಫೋರ್ ವೀಲಿನಲ್ಲಿ ಏರುವಾಗ ಸ್ಟೇರಿಂಗ್ ಕೈಯಲ್ಲಿ ಜಗ್ಗಿದಂತೆ, ಮುಂದಿನಿಂದ ‘ಟಕ್ ಟಕ್’ ಎಂದು ಹೊಡೆದಂತೆ ಆಗುವುದು ಇದಕ್ಕೇ. ಆ ಶಬ್ದ ಕೇಳಿಸಿದರೂ ಆಕ್ಸಿಲೇಟರ್ ಒತ್ತುವವನು ತನ್ನ ಕೈಯಾರೆ ಆಕ್ಸಲ್ ಮುರಿಯುತ್ತಿದ್ದಾನೆ ಅಂತಲೇ ಲೆಕ್ಕ.

ಬೇಸಿಗೆಯಲ್ಲಿ ಸುಮ್ಮನಿದ್ದದ್ದು ಮಳೆಯಲ್ಲಿ ಮುರಿಯುವುದೇಕೆ?

‘ಬೋಲ್ಟು ಬಿಚ್ಚಿಸಿ ಆರು ತಿಂಗಳಾಯ್ತು, ಏನೂ ಆಗಿಲ್ವಲ್ಲ’ ಎಂದು ವಾದ ಮಾಡುವವರು ಬಹಳ ಮಂದಿ. ಅವರ ಮಾತು ಸುಳ್ಳಲ್ಲ. ಒಣ ದಾರಿಯಲ್ಲಿ ಜೀಪು ಓಡುವುದು ಹಿಂದಿನ ಎರಡು ಚಕ್ರದ ಎಳೆತದಲ್ಲಿ. ಮುಂದಿನ ಶಾಫ್ಟಿಗೆ ಎಂಜಿನ್ನಿನ ಭಾರ ಬೀಳುವುದೇ ಇಲ್ಲ. ಫ್ರೀ ವೀಲ್ ಹಬ್ ಇರುವ ಗಾಡಿಗಳಲ್ಲಂತೂ ಹಬ್ ಬಿಟ್ಟಿದ್ದರೆ ಮುಂದಿನ ಶಾಫ್ಟು ಸುತ್ತುವುದೂ ಇಲ್ಲ. ಹಾಗಾಗಿ ಡಿಸೆಂಬರಿನಲ್ಲಿ ಬಿಚ್ಚಿದ ಬೋಲ್ಟಿನ ಪರಿಣಾಮ ಮೇ ತಿಂಗಳವರೆಗೂ ಕಾಣುವುದಿಲ್ಲ.

ಜೂನ್ ಬಂತು ಎನ್ನಿ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆ ಇದು. ಮಣ್ಣಿನ ದಾರಿ ಕೆಸರಾಗುತ್ತದೆ. ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ಹಿಂದಿನ ಚಕ್ರ ಬರೀ ಸುತ್ತತೊಡಗುತ್ತದೆ. ಆಗ ಚಾಲಕ ಫೋರ್ ವೀಲ್ ಹಾಕುತ್ತಾನೆ, ಲೋ ಗೇರ್ ಹಾಕುತ್ತಾನೆ. ಲೋ ಗೇರಿನಲ್ಲಿ ಎಳೆತ ದುಪ್ಪಟ್ಟಿಗೂ ಮೀರುತ್ತದೆ. ಎದುರಿಗೆ ತಿರುವು. ಪೂರ್ತಿ ಕಟ್. ಒಂದು ಚಕ್ರ ಜಾರಿ ಸುತ್ತಿ ಥಟ್ಟನೆ ಕಲ್ಲು ಕಚ್ಚಿಕೊಳ್ಳುತ್ತದೆ. ಬೇಸಿಗೆ ಪೂರ್ತಿ ಸುಮ್ಮನಿದ್ದ ತಪ್ಪು ಆ ಒಂದು ಕ್ಷಣದಲ್ಲಿ ಬಡ್ಡಿ ಸಮೇತ ವಸೂಲಾಗುತ್ತದೆ.

ಮುಂದಿನ ಶಾಫ್ಟು ಮುರಿದರೆ ಆ ಏರಿನಲ್ಲಿ ಮುಂದಿನ ಎಳೆತ ಹೋಯಿತು. ಹಿಂದಿನ ಚಕ್ರ ಮೊದಲೇ ಜಾರುತ್ತಿತ್ತು. ಗಾಡಿ ಹಿಮ್ಮುಖವಾಗಿ ಸರಿಯತೊಡಗುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮುರಿದ ಚೂರು ಆ ದುಂಡನೆಯ ಹೌಸಿಂಗಿನ ಒಳಗೇ ಸಿಕ್ಕಿಬಿದ್ದರೆ ಸ್ಟೇರಿಂಗ್ ಎತ್ತಲೂ ತಿರುಗದಂತೆ ಬಿಗಿದುಕೊಳ್ಳಬಹುದು. ಒಳಗೆ ಒಂಬತ್ತು-ಹತ್ತು ಜನ, ಒಂದು ಕಡೆ ಧರೆ, ಇನ್ನೊಂದು ಕಡೆ ಪ್ರಪಾತ. ಆಸ್ಪತ್ರೆಗೆ ಹೊರಟ ಗರ್ಭಿಣಿ ಇದ್ದರಂತೂ ಕೇಳುವುದೇ ಬೇಡ. ಉಳಿಸಿಕೊಂಡ ಒಂದು ಗೇಣಿಗೆ ಇಷ್ಟು ಬೆಲೆ ತೆರಬೇಕೆ?

ದಪ್ಪ ಟೈರಿನ ಶೋಕಿ

ಬೋಲ್ಟು ಬಿಚ್ಚದಿದ್ದರೂ ಅದರ ಹದ ಕೆಡಿಸುವ ಇನ್ನೊಂದು ಚಟ ಈಗ ಜೋರಾಗಿದೆ. ಅದು ದಪ್ಪ ಟೈರಿನ ಶೋಕಿ. ಹಳೇ ಜೀಪಿಗೆ ಕಂಪನಿ ಕೊಟ್ಟದ್ದು 6.00-16ರ ತೆಳು ಟೈರು. ಅದನ್ನು ಕಿತ್ತು ಅಗಲದ ರಿಮ್ಮು, ಅಗಲದ ಟೈರು ಹಾಕಿಸುತ್ತಾರೆ. ನೋಡಲು ಗತ್ತು ನಿಜ. ಆದರೆ ಕಂಪನಿ ಬೋಲ್ಟಿನ ಹದ ಮಾಡಿದ್ದು ತೆಳು ಟೈರಿನ ಲೆಕ್ಕದಲ್ಲಿ. ಈಗ ಪೂರ್ತಿ ಕಟ್ ಹೊಡೆದರೆ ಟೈರಿನ ಒಳಮೈ ಹೋಗಿ ಸ್ಪ್ರಿಂಗ್ ಪಾಟಾಕ್ಕೆ ಉಜ್ಜುತ್ತದೆ. ಕೆಲವದರಲ್ಲಿ ಚಾಸಿಗೂ ಉಜ್ಜುತ್ತದೆ. ಟೈರಿನ ಪಕ್ಕ ತೆಳುವಾದ ಜಾಗ. ಪಾಟಾದ ಅಂಚು ಚೂಪು. ಉಜ್ಜಿ ಉಜ್ಜಿ ಒಂದು ದಿನ ನೂಲು ಕಾಣುತ್ತದೆ, ಮರುದಿನ ‘ಢಂ’ ಅನ್ನುತ್ತದೆ.

ಬ್ರೇಕಿನ ರಬ್ಬರ್ ಹೋಸ್ ಪೈಪಿನದೂ ಇದೇ ಕಥೆ. ಚಾಸಿಯಿಂದ ಚಕ್ರಕ್ಕೆ ಹೋಗುವ ಈ ಪೈಪಿನ ಉದ್ದ ಚಕ್ರ ಎಷ್ಟು ತಿರುಗಬೇಕೋ ಅಷ್ಟಕ್ಕೆ ಮಾತ್ರ ಸಾಲುತ್ತದೆ. ಚಕ್ರ ಹದ್ದು ಮೀರಿ ತಿರುಗಿದರೆ ಪೈಪು ಬಿಗಿಯಾಗಿ ಎಳೆಯುತ್ತದೆ, ಇಲ್ಲವೇ ದಪ್ಪ ಟೈರು ಅದನ್ನೇ ಉಜ್ಜುತ್ತದೆ. ಸ್ಟೇರಿಂಗಿನ ಬೋಲ್ಟು ಬಿಚ್ಚಿಸಿದವನ ಬ್ರೇಕ್ ಹೋಗುವುದು ಹೀಗೆ. ಇಳಿಜಾರಿನಲ್ಲಿ ಪೆಡಲ್ ಪಾತಾಳಕ್ಕೆ ಇಳಿದಾಗ ‘ಬ್ರೇಕ್ ಫೇಲಾಯ್ತು’ ಎನ್ನುತ್ತಾರೆ. ಯಾಕೆ ಫೇಲಾಯ್ತು ಎಂದು ಬಗ್ಗಿ ನೋಡುವವರು ಕಡಿಮೆ.

ಪವರ್ ಸ್ಟೇರಿಂಗ್ ಕೂರಿಸಿದವರ ಪಾಡು

ಹಳೇ ಜೀಪಿನ ಸ್ಟೇರಿಂಗ್ ತಿರುಗಿಸಲು ತೋಳಿನಲ್ಲಿ ಕಸುವು ಬೇಕು. ಇದಕ್ಕೇ ಬೇರೆ ಗಾಡಿಯ ಪವರ್ ಸ್ಟೇರಿಂಗ್ ತಂದು ಹಳೇ ಜೀಪಿಗೆ ಕೂರಿಸುವವರು ಹೆಚ್ಚಾಗಿದ್ದಾರೆ. ಕೂರಿಸುವುದು ತಪ್ಪಲ್ಲ. ಆದರೆ ಕೈಯಲ್ಲಿ ತಿರುಗಿಸುವಾಗ ಬೋಲ್ಟಿಗೆ ತಾಗಿದ್ದು ಕೈಗೆ ಗೊತ್ತಾಗುತ್ತಿತ್ತು, ಅಲ್ಲಿಗೆ ಕೈ ತಾನಾಗಿ ನಿಲ್ಲುತ್ತಿತ್ತು. ಪವರ್ ಸ್ಟೇರಿಂಗಿಗೆ ಆ ದಾಕ್ಷಿಣ್ಯವಿಲ್ಲ. ಬೋಲ್ಟಿಗೆ ತಾಗಿದ ಮೇಲೂ ಎಣ್ಣೆಯ ಒತ್ತಡದಲ್ಲಿ ನೂಕುತ್ತಲೇ ಇರುತ್ತದೆ. ಪಂಪು ಕಿರುಚುತ್ತದೆ, ಎಣ್ಣೆ ಕಾಯುತ್ತದೆ, ಟೈ ರಾಡ್ ಬಾಗುತ್ತದೆ, ಬೋಲ್ಟಿನ ತಲೆ ಚಪ್ಪಟೆಯಾಗುತ್ತದೆ.

ಬೋಲ್ಟೇ ಇಲ್ಲದಿದ್ದರೆ? ಆಗ ಚಕ್ರವನ್ನು ತಡೆಯುವ ಕೆಲಸ ಸ್ಟೇರಿಂಗ್ ಬಾಕ್ಸಿನ ತಲೆಗೆ ಬರುತ್ತದೆ. ಬಾಕ್ಸಿನ ಒಳಗಿನ ಹಲ್ಲು-ಮೊಳೆಗಳು ತಮ್ಮ ಕೊನೆಗೆ ಹೋಗಿ ಡಿಕ್ಕಿ ಹೊಡೆಯುತ್ತವೆ. ಅವು ಚಕ್ರ ತಿರುಗಿಸಲು ಇರುವವು, ಚಕ್ರ ತಡೆಯಲು ಇರುವವಲ್ಲ. ಕಲ್ಲಿಗೆ ಬಡಿದ ಚಕ್ರದ ಏಟು ನೇರವಾಗಿ ಬಾಕ್ಸಿಗೆ ಹೋಗುತ್ತದೆ. ಆಮೇಲೆ ಸ್ಟೇರಿಂಗಿನಲ್ಲಿ ಆಟ ಬಂತು, ಬಾಕ್ಸ್ ಹಾಳಾಯಿತು ಎಂದು ಗೋಳಾಡಿದರೆ ಪ್ರಯೋಜನವಿಲ್ಲ. ಬೋಲ್ಟು ಯಾವಾಗಲೂ ಬಾಕ್ಸಿಗಿಂತ ಮೊದಲು ತಾಗಬೇಕು. ಈ ಕೆಲಸದ ಮೂಲಸೂತ್ರವೇ ಅದು.

ಹದ ಮಾಡುವುದು ಹೇಗೆ?

ಇದಕ್ಕೆ ದೊಡ್ಡ ಮೆಷಿನ್ನು ಬೇಕಿಲ್ಲ. ಸಪಾಟು ಸಿಮೆಂಟು ನೆಲ, ಎರಡು ಪಾನಾ, ಒಂದು ನೇರವಾದ ರೀಪು, ಸೀಮೆಸುಣ್ಣ, ಅಳತೆಪಟ್ಟಿ, ಜೊತೆಗೆ ಸ್ಟೇರಿಂಗ್ ತಿರುಗಿಸಲು ಒಬ್ಬ ಹುಡುಗ. ಇಷ್ಟಿದ್ದರೆ ಹಳ್ಳಿಯ ಗ್ಯಾರೇಜಿನಲ್ಲೇ ಮುಗಿಯುತ್ತದೆ. ಆದರೆ ಕೆಲಸದ ಸರದಿ ತಪ್ಪಬಾರದು.

ಮೊದಲು ನೋಡಬೇಕಾದ್ದು ಆಟ. ಕಿಂಗ್ ಪಿನ್ ಬೇರಿಂಗಿನಲ್ಲಿ ಆಟವಿದೆಯೇ, ವೀಲ್ ಬೇರಿಂಗ್ ಸಡಿಲವೇ, ಟೈ ರಾಡ್ ತುದಿಗಳು ಸವೆದಿವೆಯೇ ಎಂದು ಚಕ್ರ ಎತ್ತಿ ಅಲ್ಲಾಡಿಸಿ ನೋಡಬೇಕು. ಇವು ಸವೆದಿರುವಾಗ ಬೋಲ್ಟಿನ ಹದ ಮಾಡುವುದೆಂದರೆ ಮುರುಕು ತಕ್ಕಡಿಯಲ್ಲಿ ಚಿನ್ನ ತೂಗಿದಂತೆ.

ಎರಡನೆಯದು, ಸ್ಟೇರಿಂಗಿನ ನಡು. ಚಕ್ರಗಳು ನೇರವಾಗಿದ್ದಾಗ ಸ್ಟೇರಿಂಗ್ ಬಾಕ್ಸೂ ತನ್ನ ನಡುವಿನಲ್ಲೇ ಇರಬೇಕು. ಲಿಂಕ್ ಕಳಚಿ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ಎಷ್ಟು ಸುತ್ತು ಎಂದು ಎಣಿಸಿ ಅದರ ಅರ್ಧಕ್ಕೆ ತಂದು ನಿಲ್ಲಿಸಿದರೆ ನಡು ಸಿಗುತ್ತದೆ. ಇದು ತಪ್ಪಿದ್ದರೆ ಒಂದು ಕಡೆಗೆ ಕಟ್ ಜಾಸ್ತಿ, ಇನ್ನೊಂದು ಕಡೆಗೆ ಕಮ್ಮಿ. ಎಷ್ಟೋ ಜೀಪುಗಳಲ್ಲಿ ‘ಬಲಕ್ಕೆ ಕಟ್ ಸಾಲ್ದು’ ಎಂಬ ದೂರಿಗೆ ಕಾರಣ ಇದೇ, ಬೋಲ್ಟಲ್ಲ. ಪಾಪದ ಬೋಲ್ಟಿಗೆ ಸುಮ್ಮನೆ ಶಿಕ್ಷೆ.

ಮೂರನೆಯದು, ಮುಂದಿನ ಚಕ್ರಗಳ ಅಲೈನ್‌ಮೆಂಟು. ಟೈ ರಾಡ್ ತಿರುಗಿಸಿ ಅದನ್ನು ಸರಿಮಾಡಿದ ಮೇಲೆಯೇ ಬೋಲ್ಟಿಗೆ ಕೈ ಹಾಕಬೇಕು. ಬೋಲ್ಟು ಮೊದಲು ಹದ ಮಾಡಿ ಆಮೇಲೆ ಟೈ ರಾಡ್ ತಿರುಗಿಸಿದರೆ ಮಾಡಿದ ಕೆಲಸವೆಲ್ಲ ನೀರುಪಾಲು.

ಇನ್ನು ಅಳತೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಗಾಡಿಯನ್ನು ನೆಲದ ಮೇಲೆ ತನ್ನ ಭಾರದಲ್ಲೇ ನಿಲ್ಲಿಸಬೇಕು. ಮುಂದಿನ ಒಂದೊಂದು ಚಕ್ರದ ಕೆಳಗೆ ನಡುವೆ ಗ್ರೀಸ್ ಸವರಿದ ಎರಡೆರಡು ತಗಡು ಇಟ್ಟರೆ ಚಕ್ರ ಸಲೀಸಾಗಿ ತಿರುಗುತ್ತದೆ. ಚಕ್ರ ನೇರವಿದ್ದಾಗ ಎಡ ಟೈರಿನ ಹೊರಮೈಗೆ ರೀಪು ತಾಗಿಸಿ ನೆಲದ ಮೇಲೆ ಒಂದು ಗೆರೆ ಎಳೆಯಬೇಕು. ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿ ಅದೇ ಟೈರಿಗೆ ರೀಪು ತಾಗಿಸಿ ಇನ್ನೊಂದು ಗೆರೆ. ಎರಡೂ ಗೆರೆ ಕೂಡುವ ಜಾಗದಿಂದ ಮೊದಲ ಗೆರೆಯ ಮೇಲೆ ಸರಿಯಾಗಿ ಒಂದು ಮೀಟರ್ ಅಳೆದು ಗುರುತು ಮಾಡಿ, ಅಲ್ಲಿಂದ ಮೂಲೆಮಟ್ಟ ಹಿಡಿದು ಎರಡನೇ ಗೆರೆಯವರೆಗೆ ಅಳೆಯಬೇಕು. 42 ಸೆಂಟಿಮೀಟರ್ ಬಂದರೆ ಚಕ್ರ ತಿರುಗಿದ್ದು 23 ಡಿಗ್ರಿ. 47 ಬಂದರೆ 25, 51 ಬಂದರೆ 27 ಡಿಗ್ರಿ. ಶಾಲೆಯಲ್ಲಿ ಕಲಿತು ಮರೆತ ತ್ರಿಕೋನದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಎಷ್ಟು ಡಿಗ್ರಿ ಇರಬೇಕು ಎಂಬುದು ಗಾಡಿಯಿಂದ ಗಾಡಿಗೆ, ಕೀಲಿನಿಂದ ಕೀಲಿಗೆ ಬೇರೆ. ಈ ಜಾತಿಯ ಜೀಪುಗಳಲ್ಲಿ ಸಾಮಾನ್ಯವಾಗಿ 20ರ ಮೇಲೆ, 30ರ ಒಳಗೆ. ಆಯಾ ಮಾದರಿಯ ಕೈಪಿಡಿಯಲ್ಲಿ ಕೊಟ್ಟ ಅಂಕಿಯೇ ಅಂತಿಮ. ‘ಅಂದಾಜಿನ ಮೇಲೆ ಇಟ್ಟಿದ್ದೀನಿ’ ಎನ್ನುವ ಮೇಸ್ತ್ರಿಯನ್ನು ನಂಬಬಾರದು.

ಎಡ ತಿರುವಿಗೆ ಎಡ ಚಕ್ರವನ್ನು, ಬಲ ತಿರುವಿಗೆ ಬಲ ಚಕ್ರವನ್ನು ಅಳೆಯಬೇಕು. ತಿರುವಿನ ಒಳಗಿರುವ ಚಕ್ರವೇ ಹೆಚ್ಚು ಬಾಗುವುದು ಇದಕ್ಕೆ ಕಾರಣ. ಕೋನ ಜಾಸ್ತಿ ಬಂದರೆ ಚೆಕ್ ನಟ್ ಸಡಿಲಿಸಿ ಬೋಲ್ಟನ್ನು ಹೊರಕ್ಕೆ ತಿರುಗಿಸಬೇಕು, ಕಡಿಮೆ ಬಂದರೆ ಒಳಕ್ಕೆ. ಕೆಲವು ಮಾದರಿಗಳಲ್ಲಿ ಬೋಲ್ಟು ಆಕ್ಸಲ್ ಕೊಳವೆಯ ಕಡೆ ಇರುತ್ತದೆ, ಕೆಲವದರಲ್ಲಿ ಚಕ್ರದ ಜೊತೆ ತಿರುಗುವ ನಕಲ್ ಮೇಲಿರುತ್ತದೆ. ಎಲ್ಲಿದ್ದರೂ ತತ್ವ ಒಂದೇ. ಹಿಂದಿನ ಕೆಲವು ಜೀಪುಗಳಲ್ಲಿ ಕಂಪನಿಯವರೇ ಹದ ಮಾಡಿ, ಯಾರೂ ಕೈಯಾಡಿಸದಿರಲಿ ಎಂದು ಬೋಲ್ಟಿಗೆ ಬೆಸುಗೆ ಹಾಕಿ ಕಳಿಸುತ್ತಿದ್ದರು. ಅವರಿಗೆ ಗಿರಾಕಿಗಳ ಬುದ್ಧಿ ಮೊದಲೇ ಗೊತ್ತಿತ್ತೋ ಏನೋ!

ಡಿಗ್ರಿ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪೂರ್ತಿ ಕಟ್ಟಿನಲ್ಲಿ ಟೈರಿಗೂ ಪಾಟಾಕ್ಕೂ ನಡುವೆ ಎರಡು ಬೆರಳಾದರೂ ತೂರಬೇಕು. ಬ್ರೇಕ್ ಹೋಸ್ ಸಡಿಲವಾಗಿರಬೇಕು. ಆಮೇಲೆ ಒಂದು ಮುಂದಿನ ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಆ ಕಡೆಯ ಪಾಟಾ ಒತ್ತಿಕೊಂಡಾಗ ಮತ್ತೆ ಪೂರ್ತಿ ತಿರುಗಿಸಿ ನೋಡಬೇಕು. ಸಪಾಟು ನೆಲದ ಮೇಲೆ ತಾಗದ ಟೈರು ಕಲ್ಲು ಹತ್ತಿದಾಗ ತಾಗುವುದುಂಟು. ತಾಗುತ್ತದೆಯೋ, ಬೋಲ್ಟನ್ನು ಇನ್ನಷ್ಟು ಹೊರಕ್ಕೆ ತಂದು ಕಟ್ ಕಡಿಮೆ ಮಾಡಲೇಬೇಕು. ದಪ್ಪ ಟೈರು ಬೇಕೆನ್ನುವವನು ಈ ನಷ್ಟ ಒಪ್ಪಿಕೊಳ್ಳಬೇಕು. ಟೈರೂ ದಪ್ಪ ಇರಲಿ, ಕಟ್ಟೂ ಪೂರ್ತಿ ಇರಲಿ ಎಂದರೆ ಆಗದು.

ಕೊನೆಯದಾಗಿ ಚೆಕ್ ನಟ್ ಬಿಗಿಯಬೇಕು. ಬೋಲ್ಟು ತಿರುಗದಂತೆ ಒಂದು ಪಾನಾದಲ್ಲಿ ಹಿಡಿದು, ಇನ್ನೊಂದರಲ್ಲಿ ನಟ್ ಬಿಗಿದು, ಮತ್ತೊಮ್ಮೆ ಅಳತೆ ನೋಡಬೇಕು. ಬಿಗಿಯುವಾಗಲೇ ಬೋಲ್ಟು ಅರ್ಧ ಸುತ್ತು ಜರುಗಿಬಿಡುವುದು ಸಾಮಾನ್ಯ. ನಟ್ ಮತ್ತು ಬೋಲ್ಟಿನ ಮೇಲೆ ಅಡ್ಡಲಾಗಿ ಒಂದು ಗೆರೆ ಬಣ್ಣ ಬಳಿದರೆ ಮುಂದೆ ಸಡಿಲವಾದದ್ದು ದೂರದಿಂದಲೇ ಕಾಣುತ್ತದೆ.

ಆಮೇಲಿನ ಆರೈಕೆ

ಒಮ್ಮೆ ಹದ ಮಾಡಿ ಮರೆತುಬಿಡುವ ವಸ್ತು ಇದಲ್ಲ. ಕೆಸರು ಮೆತ್ತಿಕೊಂಡು ಬೋಲ್ಟು ಕಾಣದಂತಾಗುತ್ತದೆ. ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಪದೇ ಪದೇ ಬಡಿದು ತಲೆ ಅಣಬೆಯಂತೆ ಅರಳುತ್ತದೆ. ಎದುರಿನ ಬಡಿಯುವ ಜಾಗದಲ್ಲೂ ಗುಳಿ ಬೀಳುತ್ತದೆ. ಗ್ರೀಸ್ ಹೊಡೆಸಲು ಹೋದಾಗಲೆಲ್ಲ ತಂತಿ ಬ್ರಷ್‌ನಿಂದ ತಿಕ್ಕಿ, ನಟ್ ಬಿಗಿಯಿದೆಯೇ ಎಂದು ಪಾನಾ ಹಾಕಿ ನೋಡಿ, ತಲೆಗೆ ಚೂರು ಗ್ರೀಸ್ ಸವರಿದರೆ ಸಾಕು. ತಲೆ ಅರಳಿದ್ದರೆ ಹೊಸ ಬೋಲ್ಟು ಹಾಕಿ ಮತ್ತೆ ಅಳೆಯಬೇಕು. ಗುಜರಿಯಲ್ಲಿ ಸಿಕ್ಕ ಮೆತ್ತನೆಯ ಬೋಲ್ಟು ಹಾಕುವುದು, ಕಬ್ಬಿಣದ ತುಂಡು ವೆಲ್ಡಿಂಗ್ ಮಾಡಿ ‘ಸ್ಟಾಪರ್’ ಎನ್ನುವುದು ಎರಡೂ ಬೇಡ.

ಟೈರು ಬದಲಾಯಿಸಿದಾಗ, ಪಾಟಾ ಕಟ್ಟಿಸಿದಾಗ, ಕಿಂಗ್ ಪಿನ್ ಕೆಲಸ ಮಾಡಿಸಿದಾಗ, ಗುಜರಿಯಿಂದ ಬೇರೆ ಆಕ್ಸಲ್ ತಂದು ಕೂರಿಸಿದಾಗ, ಸ್ಟೇರಿಂಗ್ ಬಾಕ್ಸ್ ಬದಲಾಯಿಸಿದಾಗ ಬೋಲ್ಟಿನ ಅಳತೆ ಮತ್ತೆ ನೋಡಲೇಬೇಕು. ಟೈರಿನ ಒಳಪಕ್ಕ ಹೊಳೆಯುತ್ತಿದ್ದರೆ, ಪಾಟಾದ ಪಕ್ಕ ಬೆಳ್ಳಗೆ ಉಜ್ಜಿದ ಗುರುತಿದ್ದರೆ, ಕಟ್ಟಿನಲ್ಲಿ ‘ಟಕ್ ಟಕ್’ ಕೇಳಿಸುತ್ತಿದ್ದರೆ ಆ ದಿನವೇ ಗಾಡಿ ನಿಲ್ಲಿಸಿ ಬಗ್ಗಿ ನೋಡುವುದು ಒಳ್ಳೆಯದು.

ಚಾಲಕರ ಕೈಯಲ್ಲೂ ಒಂದಿಷ್ಟು ಇದೆ. ಬೋಲ್ಟಿಗೆ ತಾಗಿದ ಮೇಲೆ ಸ್ಟೇರಿಂಗನ್ನು ಕಾಲು ಸುತ್ತಿನಷ್ಟು ಹಿಂದಕ್ಕೆ ಬಿಟ್ಟು ಆಮೇಲೆ ಎಳೆತ ಕೊಡಬೇಕು. ಪೂರ್ತಿ ಕಟ್, ಲೋ ಗೇರ್, ಪೂರ್ತಿ ಆಕ್ಸಿಲೇಟರ್ ಈ ಮೂರೂ ಒಟ್ಟಿಗೆ ಕೂಡಬಾರದು. ಟಾರು ರಸ್ತೆಗೆ ಬಂದ ಕೂಡಲೇ ಫೋರ್ ವೀಲ್ ಬಿಡಬೇಕು. ಹಳೇ ಜೀಪಿನಲ್ಲಿ ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು, ಹಿಂದಿನದು ಕಡಿಮೆ. ಕೆಸರಿನಲ್ಲಾದರೆ ಚಕ್ರ ಚೂರು ಜಾರಿ ಸರಿಹೋಗುತ್ತದೆ. ಟಾರಿನ ಮೇಲೆ ಜಾರುವುದಿಲ್ಲ. ಆ ಸೆಣಸಾಟವನ್ನೆಲ್ಲ ತಡೆದುಕೊಳ್ಳಬೇಕಾದ್ದು ಅದೇ ಬಡಪಾಯಿ ಕೀಲು.

ಕಾನೂನು ಏನನ್ನುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟೇರಿಂಗಿಗೇ ಮೀಸಲು. ಸ್ಟೇರಿಂಗ್ ಚಕ್ರದಲ್ಲಿ ಆಟ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು, ಜೋಡಣೆಯ ಬೋಲ್ಟು-ಪಿನ್ನುಗಳು ಸಡಿಲವಾಗದಂತೆ ಬಂದೋಬಸ್ತಾಗಿರಬೇಕು ಎನ್ನುತ್ತದೆ ಅದು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿ ನವೀಕರಿಸಬೇಕಾದರೂ, ಬಾಡಿಗೆ ಗಾಡಿಗೆ ಎಫ್.ಸಿ. ಮಾಡಿಸಬೇಕಾದರೂ ಗಾಡಿ ತಪಾಸಣೆಗೆ ನಿಲ್ಲಲೇಬೇಕು.

ಆದರೆ ತಪಾಸಣೆ ಎಂದರೆ ದೀಪ, ಹಾರ್ನು, ಹೊಗೆ, ನಂಬರ್ ಪ್ಲೇಟು ಇಷ್ಟಕ್ಕೇ ಮುಗಿದರೆ ಏನು ಉಪಯೋಗ ಎಂಬುದು ಜನರ ಪ್ರಶ್ನೆ. ಹಳೇ ಜೀಪಿನ ಕೆಳಗೆ ಬಗ್ಗಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬೋಲ್ಟು ಇದೆಯೇ, ಟೈರು ಎಲ್ಲಾದರೂ ತಾಗುತ್ತಿದೆಯೇ ಎಂದು ನೋಡಲು ಐದು ನಿಮಿಷ ಸಾಕು. ಬಿಚ್ಚಲು ಐದು ನಿಮಿಷ ಸಾಕಾಗುವುದಾದರೆ ನೋಡಲು ಯಾಕೆ ಆಗುವುದಿಲ್ಲ?

ಈ ಜೀಪುಗಳಿಗೆ ದೊಡ್ಡ ಚರಿತ್ರೆಯಿದೆ. 1945ರಲ್ಲಿ ಹುಟ್ಟಿ 1948ರಲ್ಲಿ ಈಗಿನ ಹೆಸರು ಪಡೆದ ಮಹೀಂದ್ರ ಅಂಡ್ ಮಹೀಂದ್ರ ಕಂಪನಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರುಮಾಡಿತು. ವಿಲ್ಲೀಸಿನವರು 1953ರಲ್ಲಿ ತಂದ ಸಿ.ಜೆ. 3ಬಿ ಅಲ್ಲಿ 1968ಕ್ಕೆ ನಿಂತರೂ ಅದರ ವಂಶ ಇಲ್ಲಿ ದಶಕಗಳ ಕಾಲ ಬೆಳೆಯಿತು. ಅಪ್ಪ ಓಡಿಸಿದ ಜೀಪನ್ನು ಮಗ ಓಡಿಸುತ್ತಿರುವ ಮನೆಗಳು ಮಲೆನಾಡಿನಲ್ಲಿ ಇವತ್ತೂ ಇವೆ. ಅಷ್ಟು ಗಟ್ಟಿ ಗಾಡಿ ಅದು. ಆದರೆ ಎಷ್ಟು ಗಟ್ಟಿಯಾದರೂ ಆಕ್ಸಲ್ಲಿನ ಕೀಲು ಮಾತ್ರ ತನ್ನ ಕೋನ ಮೀರಿ ಬಾಗಲಾರದು.

ಮುಂಗಾರಿಗೆ ಮೊದಲು ಮನೆಯ ಹೆಂಚು ಕೈಯಾಡಿಸುತ್ತೇವೆ, ಸೌದೆ ಒಟ್ಟುತ್ತೇವೆ, ಚರಂಡಿ ಬಿಡಿಸುತ್ತೇವೆ. ಅದೇ ಪಟ್ಟಿಗೆ ಜೀಪಿನ ಎರಡು ಬೋಲ್ಟನ್ನೂ ಸೇರಿಸಿಕೊಳ್ಳುವುದು ಮಾಲೀಕರ ಕೆಲಸ. ಪ್ರವಾಸಿಗರನ್ನು ಬೆಟ್ಟ ಹತ್ತಿಸುವ ಜೀಪುಗಳಿಗೆ ಪ್ರತಿ ಮೇ ತಿಂಗಳಲ್ಲಿ ಸ್ಟ್ಯಾಂಡಿನಲ್ಲೇ ಒಂದು ದಿನ ತಪಾಸಣೆ ಇಟ್ಟು, ಮುಂದಿನ ಆಕ್ಸಲ್ಲನ್ನು ಬಗ್ಗಿ ನೋಡುವ ಏರ್ಪಾಡು ಆಗಬೇಕು. ಸಾರಿಗೆ ಅಧಿಕಾರಿಗಳು, ಜೀಪು ಮಾಲೀಕರು, ಚಾಲಕರು, ಮೇಸ್ತ್ರಿಗಳು ಒಟ್ಟಿಗೆ ಕೂತರೆ ಇದು ದೊಡ್ಡ ಕೆಲಸವಲ್ಲ. ಮಳೆ ಶುರುವಾಗುವ ಮೊದಲೇ ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?